ಹಳೇ ಗೇಟು ಬಿಚ್ಚಿಟ್ಟ ಮೇಲೆ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಗೇಟನ್ನು. ಆಮೇಲೆ ಕಿಟಕಿಯ ಗ್ರಿಲ್ಲು. ಮನೆಯವರ ಮುಖ ನೋಡುವುದು ಅದಾದ ಮೇಲೆ. ಇದು ಅಹಂಕಾರ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಶೆಡ್ಡು ಸೇರಿದವನಿಗೆ ಕಬ್ಬಿಣ ಬಿಟ್ಟರೆ ಬೇರೆ ಯಾವುದರ ಮೇಲೆ ಅಹಂಕಾರ ಬರಬೇಕು? ಕುಂಬಾರಕೊಪ್ಪಲಿನಲ್ಲಿ ನಮ್ಮ ಮನೆಯ ಹಿಂದೆಯೇ ನನ್ನ ಸ್ವಂತ ಶೆಡ್ಡಿದೆ. ಕೆಲಸದವರಿದ್ದಾರೆ. ಆದರೂ ಇವತ್ತಿನವರೆಗೆ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆಯುವವನು ನಾನೇ.

ಮನೆ ಕಟ್ಟಿಸುವವರು ನನ್ನ ಹತ್ತಿರ ಬಂದಾಗ ಆಡುವ ಮೊದಲನೆಯ ಮಾತು, ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲದ ಡಿಸೈನು ಬೇಕು ಎಂದು. ಎರಡನೆಯ ಮಾತು, ಪಕ್ಕದ ಬೀದಿಯವರ ಮನೆಯಲ್ಲಿದೆಯಲ್ಲ, ಹಾಗೇ ಇರಬೇಕು ಎಂದು. ಈ ಎರಡು ಮಾತುಗಳ ನಡುವೆ ಗಿರಾಕಿಯನ್ನು ಒಂದು ಕಡೆ ನಿಲ್ಲಿಸಬೇಕಾದರೆ ಫೋಟೋ ತೋರಿಸಲೇಬೇಕು. ಅದಕ್ಕೇ ನಾನು ಮಾಡಿದ ಪ್ರತಿಯೊಂದು ಗೇಟಿನ ಫೋಟೋವನ್ನೂ, ಬಣ್ಣ ಒಣಗಿ ಕಂಬಕ್ಕೆ ಕೂರಿಸಿದ ದಿನವೇ ತೆಗೆಯುತ್ತಿದ್ದೆ. ಮೊದಲು ಆಲ್ಬಮ್ಮಿನಲ್ಲಿ ಅಂಟಿಸಿ ಇಡುತ್ತಿದ್ದೆ. ಶೆಡ್ಡಿನ ಮೂಲೆಯಲ್ಲಿ ಗೆದ್ದಲು ಹತ್ತಿ ಅದರಲ್ಲಿ ಅರ್ಧ ಮಣ್ಣಾಯಿತು. ಉಳಿದದ್ದನ್ನು ಸ್ಟುಡಿಯೋದವರಿಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿ, ಆ ತಿಂದುಳಿದ ಆಲ್ಬಮ್ಮನ್ನು ಸುಟ್ಟೆ. ಕಂಪ್ಯೂಟರನ್ನು ಗೆದ್ದಲು ತಿನ್ನುವುದಿಲ್ಲ ಎಂಬುದು ಆಗಿನ ನನ್ನ ಲೆಕ್ಕ.

ಗಿರಾಕಿಗಳಿಗೆ ತೋರಿಸುವುದಕ್ಕೆ ಮಾತ್ರ ಆಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಯಾದವಗಿರಿಯಲ್ಲಿ ನಾನು ಗೇಟು ಕೂರಿಸಿದ ಎಷ್ಟೋ ಹಳೆಯ ಬಂಗಲೆಗಳು ಈಗಿಲ್ಲ. ಮನೆ ಕೆಡವಿದಾಗ ಬಾಗಿಲಿನ ಮರಕ್ಕೆ ಬೆಲೆ ಕಟ್ಟುತ್ತಾರೆ, ಗೇಟನ್ನು ಗುಜರಿಗೆ ಹಾಕುತ್ತಾರೆ. ಗುಜರಿಯವನಿಗೆ ಅದು ಬರೀ ತೂಕ. ಅಂಥ ಗೇಟಿನ ಫೋಟೋವೂ ಹೋದರೆ, ಅದನ್ನು ನಾನು ಮಾಡಿದ್ದೆ ಎನ್ನುವುದಕ್ಕೆ ನನ್ನ ಬಾಯಿಮಾತು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ನಾನು ಕಾಯುತ್ತಿದ್ದದ್ದು ಈ ಸಾಕ್ಷಿಯನ್ನು.

ಮೊದಲ ಸಲ ತೊಂದರೆ ಬಂದದ್ದು ಒಂದು ಪೆನ್‌ಡ್ರೈವಿನಿಂದ. ಗಿರಾಕಿಯೊಬ್ಬರು ತಮಗೆ ಬೇಕಾದ ಡಿಸೈನು ಅದರಲ್ಲಿದೆ ಎಂದು ತಂದು ಕೊಟ್ಟರು. ಹಾಕಿ ತೆಗೆದ ಮೇಲೆ ನನ್ನ ಫೋಲ್ಡರುಗಳೆಲ್ಲ ಮೂಲೆಯಲ್ಲೊಂದು ಸಣ್ಣ ಬಾಣದ ಗುರುತು ಹೊತ್ತುಕೊಂಡು ನಿಂತವು, ಒಂದೂ ತೆರೆಯಲಿಲ್ಲ. ಜಯಲಕ್ಷ್ಮಿಪುರಂನಲ್ಲಿ ಒಬ್ಬಳು ಹೆಣ್ಣುಮಗಳು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಅವಳ ಮನೆಯ ಕಿಟಕಿಗಳಿಗೆ ಗ್ರಿಲ್ಲು ಹಾಕಿದವನು ನಾನು, ಆ ಪರಿಚಯ. ಅವಳು ಫೋಟೋಗಳನ್ನೆಲ್ಲ ಹಾಗೇ ಉಳಿಸಿಕೊಟ್ಟಳು. ಇದಕ್ಕೆ ಟ್ರೋಜನ್ ಎನ್ನುತ್ತಾರೆ, ಗೋಡೆ ಹಾರಿ ಬರುವ ಜಾತಿಯಲ್ಲ, ಬೇಕಾದ ವಸ್ತುವಿನ ವೇಷದಲ್ಲಿ ಬರುತ್ತದೆ, ನಾವೇ ಕರೆದು ಒಳಗೆ ಕೂರಿಸುತ್ತೇವೆ ಎಂದು ಹೇಳಿದಳು. ಒಂದು ಒಳ್ಳೆಯ ಆಂಟಿವೈರಸ್ ಹಾಕಿಸಿಕೊಳ್ಳಿ, ವರ್ಷ ವರ್ಷ ನವೀಕರಿಸಿ, ಒಂದೇ ಸಾಕು ಎಂದೂ ಹೇಳಿದಳು. ಯಾವುದೇ ಅಂಗಡಿಯವರು ಒಂದೇ ಸಾಕು ಎಂದು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆ ಮಾತಿಗೆ ಕೊಡಬೇಕಾದಷ್ಟು ಬೆಲೆ ಕೊಡಲೂ ಇಲ್ಲ.

ಯಾವುದು ಒಳ್ಳೆಯದು ಎಂದು ವಿಚಾರಿಸುತ್ತಾ ಹೋದೆ. ಶೆಡ್ಡಿಗೆ ಬಂದವರನ್ನೆಲ್ಲ ಕೇಳಿದೆ. ಬಣ್ಣದ ಕಂಪನಿಗಳ ವಿಷಯದಲ್ಲಿ ಜನ ಹೇಗೆ ಮಾತಾಡುತ್ತಾರೋ ಇದರಲ್ಲೂ ಹಾಗೇ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳಿದರು. ಬಿಟ್ಟಿ ಸಿಗುವುದೇ ಸಾಕು ಎಂದವರುಂಟು, ಅದನ್ನು ಹಾಕಿದರೆ ಕಂಪ್ಯೂಟರ್ ಎತ್ತಿನಗಾಡಿಯಾಗುತ್ತದೆ ಎಂದವರುಂಟು. ಬಿಟ್ಟಿ ಬೀಗ ಹಾಕಿಕೊಂಡು ನಿದ್ದೆ ಮಾಡುವ ಜಾಯಮಾನ ನನ್ನದಲ್ಲ. ಡಬ್ಬಿಯಲ್ಲಿ ಬರುವುದನ್ನೇ ದುಡ್ಡು ಕೊಟ್ಟು ತಂದೆ. ವರ್ಷ ವರ್ಷ ಮತ್ತೆ ದುಡ್ಡು ಕಟ್ಟಬೇಕು ಎಂಬುದು ಮೊದಲು ಸಿಟ್ಟು ತರಿಸಿತು. ನಾನು ಗೇಟು ಒಂದು ಸಲ ಮಾರುತ್ತೇನೆ, ಆಮೇಲೆ ಆ ಮನೆಯ ಕಡೆ ಕೈ ಚಾಚುವುದಿಲ್ಲ. ಆದರೆ ತುಕ್ಕು ಹಿಡಿಯದಿರಲು ಗೇಟಿಗೂ ಆಗಾಗ ಬಣ್ಣ ಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಮ್ಮ ಕಡೆ ಮನೆಗಳಿಗೆ ಮರದ ಬಾಗಿಲಿನ ಮುಂದೆ ಕಬ್ಬಿಣದ ಗ್ರಿಲ್ ಬಾಗಿಲು ಇನ್ನೊಂದಿರುತ್ತದೆ. ಹಗಲು ಹೊತ್ತು ಮರದ ಬಾಗಿಲು ತೆರೆದು, ಗ್ರಿಲ್ ಬಾಗಿಲಿಗೆ ಚಿಲಕ ಹಾಕಿರುತ್ತಾರೆ. ಗಾಳಿ ಬರುತ್ತದೆ, ಅಪರಿಚಿತರು ಬಂದರೆ ಸರಳಿನಾಚೆಯಿಂದಲೇ ಮಾತಾಡಿ ಕಳಿಸುತ್ತಾರೆ. ಅಂಥ ಬಾಗಿಲುಗಳನ್ನು ಮಾಡಿಯೇ ನಾನು ಮನೆ ಕಟ್ಟಿದ್ದು. ಹಾಗಾಗಿ ಒಂದು ಆಂಟಿವೈರಸ್ ಇದ್ದ ಮೇಲೆ ಅದರ ಮುಂದೆ ಇನ್ನೊಂದಿರಬೇಕು ಎಂಬುದು ನನಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಗ್ರಿಲ್ ಬಾಗಿಲಿನ ಲೆಕ್ಕದಲ್ಲಿ ಬಿಟ್ಟಿ ಸಿಗುವ ಒಂದನ್ನು ತಂದು ಹಾಕಿದೆ.

ಅಲ್ಲಿಂದ ಕಂಪ್ಯೂಟರ್ ತೆವಳತೊಡಗಿತು. ಒಂದು ಫೋಟೋ ತೆರೆಯುವಷ್ಟರಲ್ಲಿ ಗಿರಾಕಿ ಟೀ ಕುಡಿದು ಲೋಟ ಕೆಳಗಿಟ್ಟಿರುತ್ತಿದ್ದರು. ದುಡ್ಡು ಕೊಟ್ಟದ್ದು ಬಿಟ್ಟಿಯದನ್ನು ಕಳ್ಳ ಎನ್ನುತ್ತಿತ್ತು, ಬಿಟ್ಟಿಯದು ದುಡ್ಡು ಕೊಟ್ಟದ್ದರ ಫೈಲುಗಳನ್ನು ಹಿಡಿದು ಕೂಡಿಹಾಕುತ್ತಿತ್ತು. ಒಂದೇ ಗೇಟಿಗೆ ಇಬ್ಬರು ವಾಚ್‌ಮನ್‌ಗಳನ್ನು ಇಟ್ಟ ಹಾಗೆ, ಅವರು ಒಬ್ಬರನ್ನೊಬ್ಬರು ಕಾಯುವುದರಲ್ಲೇ ಇದ್ದರು.

ಇಂಥದ್ದರಲ್ಲಿ ಒಂದು ಮಧ್ಯಾಹ್ನ ಪರದೆಯ ತುಂಬ ಕೆಂಪು ಬಣ್ಣ ಬಂದು, ನಿಮ್ಮ ಕಂಪ್ಯೂಟರಿನಲ್ಲಿ ಟ್ರೋಜನ್‌ಗಳಿವೆ, ಈ ಕೂಡಲೇ ಇದನ್ನು ಹಾಕಿಸಿಕೊಳ್ಳಿ ಎಂದಿತು. ಇಂಗ್ಲಿಷಿನಲ್ಲೇ ಇತ್ತು. ಕೂಡಿಸಿಕೊಂಡು ಓದುವಷ್ಟು ಇಂಗ್ಲಿಷು ನನಗೆ ಬರುತ್ತದೆ. ಒತ್ತಿದೆ. ಹಾಕಿಸಿಕೊಳ್ಳುವ ಮೊದಲು ಈಗಿರುವ ಆಂಟಿವೈರಸ್‌ಗಳನ್ನು ಆಫ್ ಮಾಡಿ ಎಂದು ಅದು ಕೇಳಿತು. ಓದಿದವರಾಗಿದ್ದರೆ ಅಲ್ಲಿ ನಿಲ್ಲುತ್ತಿದ್ದರೋ ಏನೋ. ನನಗೆ ಅದು ನ್ಯಾಯವಾಗಿಯೇ ಕಂಡಿತು. ಹೊಸ ಗೇಟು ಕೂರಿಸಬೇಕಾದರೆ ಹಳೇ ಗೇಟನ್ನು ಬಿಚ್ಚಿ ಪಕ್ಕಕ್ಕಿಡಲೇಬೇಕು. ನನ್ನ ಕೆಲಸದಲ್ಲಿ ಇದನ್ನು ಪ್ರಶ್ನೆ ಮಾಡಿದವರೇ ಇಲ್ಲ. ಎರಡನ್ನೂ ಆಫ್ ಮಾಡಿ, ಊಟಕ್ಕೆ ಎದ್ದೆ.

ಬಂದು ನೋಡಿದಾಗ ಫೋಟೋಗಳ ಹೆಸರಿನ ಕೊನೆಯಲ್ಲೆಲ್ಲ ಅರ್ಥವಿಲ್ಲದ ಅಕ್ಷರಗಳು ಬಾಲದ ಹಾಗೆ ಅಂಟಿಕೊಂಡಿದ್ದವು. ಯಾವುದೂ ತೆರೆಯಲಿಲ್ಲ. ಬೀಗ ಹಾಕಿದ್ದೇವೆ, ಕೀ ಬೇಕಾದರೆ ದುಡ್ಡು ಕಳಿಸಿ ಎಂಬ ಚೀಟಿ ಒಂದೊಂದು ಫೋಲ್ಡರಿನಲ್ಲೂ ಇತ್ತು.

ಕಂಪ್ಯೂಟರಿನ ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ರಿಪೇರಿಯವಳ ಹತ್ತಿರ ಹೋದೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

“ಅಂಕಲ್, ಇದ್ದಿದ್ದು ಎರಡೂ ಆಫ್ ಮಾಡ್ಬುಟ್ರಾ?”

“ಹೊಸದು ಕೂರಿಸ್ಬೇಕಾದ್ರೆ ಹಳೇದು ಬಿಚ್ಬೇಕಲ್ವಾಮ್ಮ.”

“ಬಿಚ್ಬೇಕು, ಸರಿ. ಹೊಸ ಗೇಟು ಹೊತ್ಕೊಂಡ್ ಬಂದೋನು ಯಾರು ಅಂತ ಕೇಳ್ಬೇಕಿತ್ತು.”

ಹೊಸದೆಂದು ಬಂದದ್ದೇ ಟ್ರೋಜನ್ ಆಗಿತ್ತು. ದುಡ್ಡು ಕಳಿಸಿದರೂ ಕೀ ಕೊಡುತ್ತಾರೆಂಬ ಖಾತ್ರಿ ಇಲ್ಲ, ಕಳಿಸಬೇಡಿ ಎಂದಳು. ನಾನು ಕಳಿಸುವವನೂ ಆಗಿರಲಿಲ್ಲ. ನನ್ನ ಮನೆಗೆ ಹೊರಗಿನಿಂದ ಬೀಗ ಜಡಿದವನಿಗೆ ಕೈ ಮುಗಿಯುವ ಪೈಕಿ ನಾನಲ್ಲ. ಹಾಗಾದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಎಂದಳು. ಬೀಗ ಬಿದ್ದ ಫೋಟೋಗಳನ್ನು ಬೇರೆ ಡಿಸ್ಕಿಗೆ ತುಂಬಿ ಕೊಡುತ್ತೇನೆ, ಇಂಥ ಬೀಗಕ್ಕೆ ಕೆಲವೊಮ್ಮೆ ಯಾರಾದರೂ ಕೀ ಕಂಡುಹಿಡಿಯುತ್ತಾರೆ, ಕಾದು ನೋಡಿ ಎಂದಳು. ಕಾದರೆ ಸಿಗಬಹುದೇ ಎಂದು ಕೇಳಿದೆ. ಸುಳ್ಳು ಆಸೆ ತೋರಿಸದೆ, ಗೊತ್ತಿಲ್ಲ ಅಂಕಲ್ ಎಂದಳು. ಫೋಟೋಗಳನ್ನು ಮೊದಲೇ ಎರಡು ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕಿತ್ತು, ಒಂದು ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿ ಇಡಬೇಕಿತ್ತು ಎಂದೂ ಅಂದಳು. ಅದು ನನಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಮಾರನೆಯ ದಿನ ಹೆಂಡತಿ ಅವರೆಕಾಯಿ ಬಿಡಿಸುತ್ತಾ, ತಲೆಯೆತ್ತದೆ, “ಊರೋರ್ಗೆಲ್ಲ ಬಾಗ್ಲು ಮಾಡ್ಕೊಟ್ಟು ನಮ್ಮನೆಗೆ ನೀವೇ ಕಳ್ಳನ್ನ ಕರ್ಕೊಂಡ್ ಬಂದ್ರಲ್ಲ” ಎಂದಳು. ಒಂದಿಷ್ಟು ಕಾಯಿ ಬಿಡಿಸಿದ ಮೇಲೆ ಅವಳೇ ಮುಂದುವರಿಸಿದಳು.

“ಫೋಟೋ ತಾನೆ ಹೋಗಿದ್ದು, ಗೇಟು ಹೋಗಿಲ್ವಲ್ಲ. ಅವೆಲ್ಲ ಅವರವರ ಕಂಬ್ದಲ್ಲೇ ನೇತಾಡ್ತಿರ್ತವೆ ಕಣ್ರೀ. ಹೋಗಿ ಇನ್ನೊಂದ್ಸಲ ತೆಕ್ಕೊಂಡ್ ಬನ್ನಿ.”

ಹಾಗೆ ನಾನು ಭಾನುವಾರಗಳಲ್ಲಿ ಸ್ಕೂಟರ್ ಹತ್ತಿ ಹೊರಡತೊಡಗಿದೆ. ನನ್ನ ಗೇಟುಗಳು ಎಲ್ಲೆಲ್ಲಿವೆ ಎಂದು ನನಗೆ ಬಾಯಿಪಾಠ. ಆದರೆ ಅವು ನಾನು ಬಿಟ್ಟುಬಂದ ಹಾಗೇನೂ ಇರಲಿಲ್ಲ. ಒಂದಕ್ಕೆ ಗಿಳಿಹಸಿರು ಬಣ್ಣ ಬಳಿದಿದ್ದರು. ಇನ್ನೊಂದರ ಬಳ್ಳಿ ಡಿಸೈನಿನ ಮೇಲೆ ತಗಡು ಹೊಡೆದು ‘ನಾಯಿ ಇದೆ’ ಎಂದು ಬರೆಸಿದ್ದರು. ಒಂದು ಕಡೆ ಗೇಟಿನ ತುಂಬ ನಿಜವಾದ ಬಳ್ಳಿಯೇ ಹಬ್ಬಿ ನನ್ನ ಕೆಲಸ ಕಾಣುತ್ತಲೇ ಇರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಫೋಟೋ ತೆಗೆದುಕೊಂಡೆ.

ಜಯಲಕ್ಷ್ಮಿಪುರಂನ ಒಂದು ಮನೆಯ ಮುಂದೆ ಫೋನು ಎತ್ತಿ ನಿಂತಾಗ ಒಳಗಿನಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ನಾನು ಗೇಟು ಕೂರಿಸಿದ ಕಾಲದಲ್ಲಿ ಆ ಮನೆ ಬೇರೆಯವರದಾಗಿತ್ತು, ಇವರು ಆಮೇಲೆ ಕೊಂಡವರು. ಗೇಟಿನ ಚಿಲಕದ ಮೇಲೆ ಒಂದು ಕೈ ಇಟ್ಟುಕೊಂಡೇ ಕೇಳಿದರು.

“ಯಾರ್ರೀ ನೀವು? ನಮ್ಮ ಗೇಟಿನ ಫೋಟೋ ನಿಮಗ್ಯಾಕೆ?”

“ಈ ಗೇಟು ಮಾಡಿದ್ದು ನಾನಮ್ಮ.”

“ಹಂಗಂತ ಯಾರು ಬೇಕಾದ್ರೂ ಹೇಳ್ಬೌದು.”

ಹೇಳಬಹುದು ಎಂದು ಒಪ್ಪಿಕೊಂಡೆ. ಕಂಪ್ಯೂಟರಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಿದರು, ನಡುವೆ ಎರಡು ಪ್ರಶ್ನೆಯನ್ನೂ ಹಾಕಿದರು, ಆದರೆ ಚಿಲಕದ ಮೇಲಿನ ಕೈ ತೆಗೆಯಲಿಲ್ಲ. ಬಿಸಿಲಿನಲ್ಲಿ ನಿಂತಿದ್ದೇನೆಂದು ನೀರು ತಂದು ಸರಳಿನ ಸಂದಿಯಿಂದಲೇ ಲೋಟ ದಾಟಿಸಿದರು. ಕೊನೆಗೆ, “ಈ ಗೇಟು ನೆಲ ಕೆರೀತಿದೆ. ಮಾಡಿದ್ದು ನೀವೇ ಆದ್ರೆ ಅದನ್ನ ಮೊದ್ಲು ಸರಿ ಮಾಡಿ, ಆಮೇಲೆ ಫೋಟೋ ತೆಕ್ಕೊಳ್ಳಿ” ಎಂದರು.

ಮಾರನೆಯ ದಿನ ಸಾಮಾನು ತೆಗೆದುಕೊಂಡು ಹೋದೆ. ಕಂಬಕ್ಕೆ ಹಿಡಿದಿಡುವ ಕೆಳಗಿನ ಹಿಂಜು ಸವೆದು ಗೇಟು ಜೋತಿತ್ತು. ಎತ್ತಿ ವಾಷರ್ ಕೊಟ್ಟು ಎಣ್ಣೆ ಬಿಟ್ಟೆ. ಅವರು ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಒಂದು ಸಲ ತೆಗೆದು ಹಾಕಿ ನೋಡಿದರು, ಸದ್ದಿಲ್ಲದೆ ಹೋಯಿತು. ಈಗ ನಂಬುತ್ತೀರಾ ಎಂದು ಕೇಳಿದೆ. ಗೇಟು ಸರಿಯಾಯಿತು ಎಂದರು, ಅಷ್ಟೇ. ನನ್ನ ಫೋಟೋಗಳಲ್ಲಿ ಈಗ ಎಲ್ಲಕ್ಕಿಂತ ನೇರವಾಗಿ ನಿಂತಿರುವುದು ಆ ಗೇಟು.

ಯಾದವಗಿರಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬೇರೆಯವರ ಶೆಡ್ಡು ಬಿಟ್ಟ ಮೇಲೆ ನಾನೊಬ್ಬನೇ ಮಾಡಿದ ಮೊದಲ ಗೇಟು ಅಲ್ಲಿನ ಒಂದು ಬಂಗಲೆಯದು. ಬಂಗಲೆ ಕೆಡವಿದ್ದು ಗೊತ್ತಿತ್ತು. ಆದರೂ ಹೋದೆ. ಅಲ್ಲೀಗ ಫ್ಲ್ಯಾಟುಗಳು, ಗಾಲಿಯ ಮೇಲೆ ಉರುಳುವ ಕಬ್ಬಿಣದ ಗೋಡೆಯಂಥದ್ದೊಂದು ಗೇಟು. ಕೆಲಸ ಗಟ್ಟಿಯಾಗಿತ್ತು, ತೆಗಳುವುದಕ್ಕೆ ಏನೂ ಇರಲಿಲ್ಲ. ಫೋಟೋ ತೆಗೆಯದೆ ಬಂದೆ.

ನಾವು ಗೇಟು ಮಾಡುವಾಗ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೆ ಬರೆದುಕೊಂಡು, ಅದರ ಮೇಲಿಟ್ಟೇ ಸರಳು ಬಗ್ಗಿಸುತ್ತೇವೆ. ಅವತ್ತು ಸಂಜೆ ಕೆಲಸದವರು ಹೋದ ಮೇಲೆ ನೆಲ ಗುಡಿಸಿ ನನ್ನ ಆ ಮೊದಲ ಗೇಟನ್ನು ಬರೆಯಲು ಕೂತೆ. ಎರಡು ಕಡೆಗೆ ತೆರೆಯುವ ಗೇಟಿನ ರೆಕ್ಕೆಗಳು ಬಂದವು, ಮೇಲಿನ ಕಮಾನು ಬಂತು, ಅಂಚಿನ ಸುರುಳಿಗಳು ಕೈ ನಿಲ್ಲಿಸದೆ ಬಂದವು. ರೆಕ್ಕೆಗಳು ಸೇರುವ ನಡುಭಾಗದಲ್ಲಿ ಏನಿತ್ತೆಂದು ಮಾತ್ರ ಹೊಳೆಯಲಿಲ್ಲ. ಹೂವೊಂದನ್ನು ಬರೆದೆ, ಅದಲ್ಲ ಎನಿಸಿ ಒರೆಸಿದೆ. ಹಂಸ ಬರೆದೆ, ಅದನ್ನೂ ಒರೆಸಿದೆ. ಹೆಂಡತಿ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲಿ ನಿಂತು ನೋಡಿ, ಏನಾದರೊಂದು ತುಂಬಿ, ಚೆನ್ನಾಗಿ ಕಾಣುವಂಥದ್ದು, ಯಾರಿಗೆ ಗೊತ್ತಾಗುತ್ತದೆ ಎಂದಳು. ನನಗೆ ಗೊತ್ತಾಗುತ್ತದೆ ಎಂದೆ.

ನಡುಭಾಗ ಖಾಲಿ ಬಿಟ್ಟು, ಸ್ಟೂಲಿನ ಮೇಲೆ ಹತ್ತಿ ಫೋಟೋ ತೆಗೆದೆ. ಬೆಳಿಗ್ಗೆ ಅದೇ ನೆಲದ ಮೇಲೆ ಬೇರೊಬ್ಬರ ಗೇಟು ಬರೆಯಬೇಕಿತ್ತು. ನೀರು ಹಾಕಿ ತೊಳೆಯುವ ಕೆಲಸವನ್ನು ಬೇರೆಯವರಿಗೆ ಹೇಳದೆ ನಾನೇ ಮಾಡಿದೆ.