ಶ್ರೀಲಕ್ಷ್ಮಿ ವರ್ಷಕ್ಕೊಮ್ಮೆ ಹಾಕುವ ಸಹಿ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಪಕ್ಕದ ಮೋಲ್ನ್‌ಡಾಲ್‌ನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಶ್ರೀಲಕ್ಷ್ಮಿ ಹುಟ್ಟಿದ್ದು ದಾವಣಗೆರೆಯಲ್ಲಿ, ಬದುಕು ಕಟ್ಟಿಕೊಂಡದ್ದು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ. ಹನ್ನೆರಡು ವರ್ಷ ಅಲ್ಲಿ ಮಾತ್ರೆಗಳ ಗುಣ ಪರೀಕ್ಷಿಸುತ್ತ ಇದ್ದವಳು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಐರಿಶ್ ಪ್ರಜೆಯಾದಳು. 2019ರಲ್ಲಿ ಗಂಡ ರಮಾನಂದನಿಗೆ ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ ಸಿಕ್ಕಿತು. ಸಂಸಾರ ಅಲ್ಲಿಗೆ ಬಂತು.

ಹಾಗೆ ಪ್ರಜೆಗಳಾದವರು ಐರ್ಲೆಂಡ್ ಬಿಟ್ಟು ಹೊರಗಿದ್ದರೆ ಪ್ರತಿ ವರ್ಷ ಒಂದು ಫಾರಂ ಕಳಿಸಬೇಕು: ಈ ಪೌರತ್ವ ಉಳಿಸಿಕೊಳ್ಳುವ ಇರಾದೆ ನನಗಿದೆ, ಎಂದು. ಏಳು ವರ್ಷ ಸುಮ್ಮನಿದ್ದುಬಿಟ್ಟರೆ ಪೌರತ್ವ ಹೋಗಲೂಬಹುದು. ಶ್ರೀಲಕ್ಷ್ಮಿ ಒಂದು ವರ್ಷವೂ ತಪ್ಪಿಸಿದವಳಲ್ಲ. ತವರಿಗೆ ಮುಖ ತೋರಿಸಿ ಬರುವವಳ ಹಾಗೆ, ಟ್ರಾಮು ಹಿಡಿದು ನೋಟರಿಯ ಹತ್ತಿರ ಹೋಗಿ ಸಹಿ ಹಾಕಿ ಬರುತ್ತಿದ್ದಳು.

2025ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಅಧ್ಯಕ್ಷರ ಚುನಾವಣೆ ನಡೆಯಿತು. ಹೊರದೇಶದಲ್ಲಿದ್ದವರಿಗೆ ವೋಟಿಲ್ಲ. ಗರ್ಭಪಾತದ ಕಾನೂನು ಬದಲಿಸಬೇಕೇ ಎಂದು ಆ ದೇಶ 2018ರಲ್ಲಿ ಜನರನ್ನೇ ಕೇಳಿದಾಗ, ಅಲ್ಲಿ ಗರ್ಭಪಾತಕ್ಕೆ ಅನುಮತಿ ಸಿಗದೆ ತೀರಿಕೊಂಡ ಬೆಳಗಾವಿಯ ಹೆಣ್ಣುಮಗಳನ್ನು ನೆನೆದು ಸಾಲಿನಲ್ಲಿ ನಿಂತವಳು ಇವಳು. ಈಗ ಬರೀ ಟಿವಿ ನೋಡುವುದೇ ಪಾಲಿಗೆ ಬಂತು.

ಲ್ಯಾಬಿನ ಫಿಕಾ ಹೊತ್ತಿನಲ್ಲಿ, ಕಾಫಿ ಕುಡಿಯುತ್ತ, ಕಾರ್ಕ್‌ನಲ್ಲೇ ಹುಟ್ಟಿದ ಸಹೋದ್ಯೋಗಿ ಓರ್ಲಾ ಹೇಳಿದಳು: ಹೊರಗಿದ್ದವರಿಗೂ ವೋಟು ಕೊಡಲು ಜನಮತ ಕೇಳುತ್ತೇವೆಂದು ಡಬ್ಲಿನ್‌ನ ಸರ್ಕಾರದವರು ವರ್ಷಗಳಿಂದ ಹೇಳುತ್ತಲೇ ಇದ್ದಾರಂತೆ. ಆ ಜನಮತದಲ್ಲೂ ತಮಗೆ ವೋಟಿಲ್ಲ ಎಂದು ನಕ್ಕಳು.

"ನೀನು ಹುಟ್ಟಿ ಐರಿಶ್, ನಾನು ಸಹಿ ಹಾಕಿ ಐರಿಶ್. ಇದೊಂದರಲ್ಲಿ ಮಾತ್ರ ಇಬ್ಬರೂ ಸಮ" ಎಂದಳು ಶ್ರೀಲಕ್ಷ್ಮಿ. ಮನೆಗೆ ಬಂದು ಆ ವರ್ಷದ ಫಾರಂ ಡ್ರಾಯರಿಗೆ ತುರುಕಿದಳು.

ಸ್ವೀಡಿಶ್ ಪೌರತ್ವ ಪಡೆದಾಗಿದ್ದ ರಮಾನಂದ ಕೆಣಕಿದ: "ನನ್ ಥರ ಸ್ವೀಡಿಶ್ ತಗೊಂಬಿಡು. ಇಲ್ಲಿ ನಗರಸಭೆ ವೋಟು ಈಗ್ಲೇ ಇದೆ, ಪಾರ್ಲಿಮೆಂಟ್‌ದೂ ಸಿಗತ್ತೆ. ಐರ್ಲೆಂಡಿನವ್ರು ನಿನ್ನನ್ನ ಏನೂ ಕೇಳಲ್ಲ, ನೀನು ಮಾತ್ರ ವರ್ಷಾ ವರ್ಷಾ ಹೋಗಿ 'ನಾನು ನಿಮ್ಮೋಳೇ' ಅಂತೀಯ."

ಮಾತು ಸುಳ್ಳೇನಲ್ಲ. ಚಳಿಗಾಲ ಕಳೆಯಿತು, ಫಾರಂ ಕಳಿಸುವ ಗಡುವು ಹತ್ತಿರವಾಯಿತು. ಪೌರತ್ವ ಬೇಡ ಎನ್ನಲು ಅವಳು ಏನೂ ಬರೆಯಬೇಕಾಗಿರಲಿಲ್ಲ, ಹೀಗೇ ವರ್ಷ ವರ್ಷ ಸುಮ್ಮನಿದ್ದರೆ ಸಾಕಿತ್ತು. ಹಾಗೆ ಸುಮ್ಮನಿದ್ದು ಕಳೆದುಕೊಳ್ಳುವುದೇ ಅವಳಿಗೆ ಒಗ್ಗಲಿಲ್ಲ. ಒಂದು ಮಧ್ಯಾಹ್ನ ರಜೆ ಹಾಕಿ ನೋಟರಿಯ ಹತ್ತಿರ ಹೋಗಿಬಂದಳು.

"ಮತ್ತೆ ಹಾಕಿದ್ಯಾ?" ಎಂದ ರಮಾನಂದ.

"ಹಾಕಿದೆ ರೀ. ನಾಳೆ ಅವ್ರು ವೋಟು ಕೊಟ್ರು ಅಂತಿಟ್ಕೊಳ್ಳಿ. ಆಗ ನಾನೇ ಐರಿಶ್ ಅಲ್ದೆ ಹೋದ್ರೆ?"

"ಕೊಡದೇ ಹೋದ್ರೆ?"

"ಹಕ್ಕು ಕೇಳೋರಲ್ಲಿ ಒಬ್ಳು ಕಮ್ಮಿ ಆಗ್ಬಾರ್ದಲ್ಲ."

ಮರುದಿನ ಫಿಕಾಗೆ ಓರ್ಲಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾರ್ಕ್‌ನ ಸಂಸದರಿಗೆ ಪತ್ರ ಬರೆಯತೊಡಗಿದಳು. ಓರ್ಲಾ ಎರಡು ಸಾಲು ಖಾರ ಸೇರಿಸಿದಳು, ಇವಳು ಒಂದನ್ನು ತೆಗೆದಳು. ಕೊನೆಯಲ್ಲಿ ಇಬ್ಬರ ಹೆಸರನ್ನೂ ಹಾಕಿದರು, ಶ್ರೀಲಕ್ಷ್ಮಿಯದು ಮೊದಲು.