ಬಾರದ ಮೂರನೆಯ ಕೂಗು

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಒಂದು ಮಾತೂ ಸೇರಿಸಿಲ್ಲ.

ಬಸವನ ಬಾಗೇವಾಡಿ ಹತ್ತಿರದ ಒಂದು ಕಾಲೇಜು ಹಾಸ್ಟೆಲಿಗೆ ನಾನು ವಾರ್ಡನ್ ಆಗಿದ್ದೆ. ರಾತ್ರಿ ಒಂಬತ್ತಕ್ಕೆ ಹಾಜರಿ. ಹೆಸರು ಕರೆದ ಕೂಡಲೇ ಓಗೊಡಬೇಕು, ತಡವಾದರೆ ಬೈಗುಳ. ಜಾಂಜಿಬಾರಿನಿಂದ ಓದಲು ಬಂದಿದ್ದ ಜುಮಾ ಎರಡು ವರ್ಷದಲ್ಲಿ ಖಡಕ್ ರೊಟ್ಟಿ ಕಲಿತ, ನಮ್ಮ ಮಾತು ಕಲಿತ, ಆ ಶಿಸ್ತನ್ನೂ ಕಲಿತ. ಗೆಳೆಯರನ್ನು ಮಾತ್ರ ಸಂಪಾದಿಸಲಿಲ್ಲ.

ದೀಪಾವಳಿ ರಜೆ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹುಡುಗರೆಲ್ಲ ಊರಿಗೆ ಹೋದರು. ಉಳಿದವರು ಜುಮಾ, ನಾನು ಇಬ್ಬರೇ.

"ಒಬ್ಬಾವಗ ಎದಕ್ರಿ ಸರ್ ಹಾಜರಿ?"

"ಒಬ್ಬಾವ ಇದ್ರೂ ಹಾಸ್ಟೆಲ್ ಹಾಸ್ಟೆಲ್ಲೇ. ನೆಟ್ಟಗ ನಿಂದ್ರು!"

ನಕ್ಕ. ಹಾಜರಿ ಮುಗಿಸಿ ಮೆಟ್ಟಿಲ ಮೇಲೆ ಕೂತೆವು. ಅವನ ತಾಯಿ ಅಂಗಳದಲ್ಲಿ ಲವಂಗ ಒಣಗಿಸುತ್ತಿದ್ದಳಂತೆ. ಎರಡು ತಿಂಗಳ ಹಿಂದೆ ತೀರಿಹೋಗಿದ್ದಳು.

"ಮಣ್ಣಿಗೆ ಹೋಗಾಕ ಆಗ್ಲಿಲ್ರಿ," ಎಂದ.

ಆಗಲೇ ಕರೆಂಟು ಹೋಯಿತು.

ಗೇಟಿನ ಕಡೆಯಿಂದ ಹೆಣ್ಣು ದನಿಯೊಂದು ಕೂಗಿತು... "ಕಿಬೋ..."

ಗಾಳಿಯಲ್ಲಿ ಲವಂಗದ ಘಾಟು.

ಜುಮಾ ಹಾಜರಿಗೆ ಏಳುವಂತೆ ಥಟ್ಟನೆ ಎದ್ದು ನಿಂತ. ಬಾಯಿ ತೆರೆದ. ನಾನು ಅಂಗೈಯಿಂದ ಅವನ ಬಾಯಿ ಮುಚ್ಚಿದೆ. ರಾತ್ರಿ ಕರೆದರೆ ಮೂರನೆಯ ಕೂಗಿಗೆ ಮೊದಲು ನಮ್ಮಲ್ಲಿ ಯಾರೂ ಓಗೊಡುವುದಿಲ್ಲ. ಸತ್ತವರು ಎರಡೇ ಸಲ ಕೂಗುತ್ತಾರೆ, ಓಗೊಟ್ಟವರನ್ನು ಕರೆದೊಯ್ಯುತ್ತಾರೆ ಎಂಬ ನಂಬಿಕೆ. ಹಾಜರಿಯ ಭರದಲ್ಲಿ ಅದೊಂದನ್ನು ಅವನಿಗೆ ಹೇಳಿಯೇ ಇರಲಿಲ್ಲ.

"ಸುಮ್ನಿರು... ಮೂರನೇದು ಬರ್ಲಿ."

"ಕಿಬೋ..."

ಈ ಸಲ ಮೆಟ್ಟಿಲ ಬುಡದಲ್ಲೇ. ಅಲ್ಲಿ ಯಾರೂ ಇರಲಿಲ್ಲ.

ಕಾದೆವು. ದೂರದಲ್ಲೊಂದು ನಾಯಿ ಬೊಗಳಿ ಸುಮ್ಮನಾಯಿತು. ಮೂರನೆಯ ಕೂಗು ಬರಲಿಲ್ಲ. ಘಾಟು ನಿಧಾನವಾಗಿ ಕಡಿಮೆಯಾಯಿತು. ನನ್ನ ಅಂಗೈ ಒದ್ದೆಯಾಗಿತ್ತು, ಹುಡುಗ ಅಳುತ್ತಿದ್ದ.

"ಅದು ನನ್ನ ಮನಿ ಹೆಸ್ರು ಸರ್. ಅವ್ವ ಒಬ್ಬಾಕಿ ಅಷ್ಟ ಹಂಗ ಕರೀತಿದ್ಲು."

ನಾನು ಟಾರ್ಚಿಗಾಗಿ ತಡಕಾಡಿದೆ.

"ಕರದ ಕೂಡ್ಲೇ ಓ ಅನ್ನಬೇಕಂತ ನೀವ ಕಲಿಸಿದ್ರಿ..." ಕತ್ತಲೆಯ ಕಡೆ ನೋಡುತ್ತ ಕೇಳಿದ, "ಅಷ್ಟು ದೂರದಿಂದ ಬಂದಾಳ. ಈಗ ಎಲ್ಲಿ ಹೋಗ್ತಾಳ್ರಿ ಅಕಿ?"

ಟಾರ್ಚ್ ಹಿಡಿದು ಹೋಗಿ ನೋಡಿದೆ. ಗೇಟಿಗೆ ನಾನು ಹಾಕಿದ ಬೀಗ ಹಾಗೇ ಇತ್ತು.

ಜುಮಾ ಓದು ಮುಗಿಸಿ ಊರಿಗೆ ಹೋದ. ನಾನು ನಿವೃತ್ತನಾದೆ. ಆ ರಾತ್ರಿ ಅವನನ್ನು ಕಾಪಾಡಿದೆನೋ, ಒಬ್ಬ ತಾಯಿಯನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದೆನೋ, ಇಂದಿಗೂ ತಿಳಿಯದು. ದೀಪಾವಳಿಯಲ್ಲಿ ಗಂಟೆ ಒಂಬತ್ತಾದರೆ ಮಾಡುವ ಕೆಲಸ ಬಿಟ್ಟು ನನ್ನ ಮನೆಯ ಮೆಟ್ಟಿಲ ಮೇಲೆ ಬಂದು ಕೂರುತ್ತೇನೆ.

ಮೂರನೆಯ ಕೂಗು ಇನ್ನೂ ಬರಬೇಕಿದೆ...