ಇನ್ನೂ ಓಡುತ್ತಿರುವವಳು

ಬಸವಕಲ್ಯಾಣದ ಮಠವೊಂದರ ದಾಸೋಹದಲ್ಲಿ ಬಡಿಸುತ್ತಲೇ ಸುಂದರಬಾಯಿಯ ತಲೆ ಬೆಳ್ಳಗಾಗಿತ್ತು. ಪಂಕ್ತಿಯಲ್ಲಿ ಕೊನೆಯವರು ಉಂಡು ಏಳುವವರೆಗೆ ಆಕೆ ಕೂತವಳಲ್ಲ. ಅದಕ್ಕೆ ಮೊದಲೇ ಹುಗ್ಗಿಯ ಕೊಳಗ ಎತ್ತಿದವರು ಅವಳ ಕೈಲಿ ಬೈಗುಳ ತಿನ್ನದೆ ಹೋಗುತ್ತಿರಲಿಲ್ಲ. ಆಕೆಗಿದ್ದ ಇನ್ನೊಂದು ಹುಚ್ಚೆಂದರೆ ಟಿವಿಯಲ್ಲಿ ಓಟದ ಪಂದ್ಯ ನೋಡುವುದು.

ಅಂದು ಸಂಜೆ ಮನೆಯ ಟಿವಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಹತ್ತು ಸಾವಿರ ಮೀಟರ್ ಓಟವಿತ್ತು. ನೀಲಿ ಅಂಗಿಯ ನಮ್ಮ ದೇಶದ ಹುಡುಗಿ ಶುರುವಿನಲ್ಲಿ ಕಂಡಳು, ಆಮೇಲೆ ಹಿಂದೆ ಬಿದ್ದಳು. ಕ್ಯಾಮೆರಾ ಮಾತ್ರ ಮುಂದಿನವರ ಬೆನ್ನು ಬಿಡಲಿಲ್ಲ.

“ಜರಾ ಹಿಂದ ತಿರುಗಸೋ, ಕಣ್ಣೇನ್ ಕುರುಡಾಗ್ಯಾವ ನಿನಗ?” ಎಂದು ಸುಂದರಬಾಯಿ ಟಿವಿಯನ್ನೇ ಬೈದಳು.

ಗೆದ್ದವಳು ಬಾವುಟ ಹೊದ್ದು ನಿಂತಳು. ಅವಳ ಹಿಂದೆ, ತೆರೆಯ ಅಂಚಿನಲ್ಲಿ, ನೀಲಿ ಅಂಗಿಯೊಂದು ಕುಂಟುತ್ತಾ ಹಾದುಹೋಯಿತು. ಸುಂದರಬಾಯಿ ಎದ್ದು ನಿಂತಳು. ಅಷ್ಟರಲ್ಲಿ ಸಿಮೆಂಟಿನ ಜಾಹೀರಾತು ಬಂತು.

“ಮುಗೀತಲ್ಲ, ಬಂದ್ ಮಾಡು,” ಎಂದ ಗಂಡ ವೈಜನಾಥ.

“ಎಲ್ಲಿ ಮುಗೀತ್ರಿ? ಅಕಿ ಇನ್ನಾ ಓಡಾಕತ್ತಾಳ.”

“ನೀ ನಿಂತ್ರ ಅಕಿಗೇನ್ ಗೊತ್ತಾಗ್ತದ? ಕುಂದ್ರು.”

“ಉಣ್ಣೋರು ಏಳೂತನಾ ನಾ ಎಂದರ ಕುಂತೇನೇನ್ರಿ?”

ಜಾಹೀರಾತು ಮುಗಿದಾಗ ಉದ್ದಜಿಗಿತ ನಡೆದಿತ್ತು. ಓಟದ ಮೊದಲ ಎಂಟು ಮಂದಿಯ ಹೆಸರುಗಳು ತೆರೆಯ ಕೆಳಗೆ ಹರಿದುಹೋದವು, ನಮ್ಮ ಹುಡುಗಿಯದಿರಲಿಲ್ಲ. ದಾಸೋಹದಲ್ಲಾದರೆ ಕೊನೆಯವರು ಎದ್ದದ್ದು ಕಣ್ಣಿಗೆ ಕಾಣುತ್ತಿತ್ತು. ವೈಜನಾಥ ಬೇಸತ್ತು ಕಟ್ಟೆಗೆ ಹೋದ. ಸುಂದರಬಾಯಿ ನೋಯುವ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಆ ಹುಡುಗಿ ಓಟ ಮುಗಿಸಿದಳು, ಇನ್ನು ಕೂರಬಹುದು ಎಂದು ಅವಳಿಗೆ ಯಾರೂ ಹೇಳಲಿಲ್ಲ.